ಶ್ರಮದಾನವೂ ದೇಶದರ್ಶನವೂ

ಪ್ರವಾಸಕ್ಕೆ ಹೋಗುವವರು ಹಣ ತೆತ್ತು ವಿಶ್ರಾಂತಿ ಪಡೆಯುವುದು ಲೋಕರೂಢಿ. ಆದರೆ ತಮ್ಮ ಖರ್ಚಿನಲ್ಲೇ ಹೋಗಿ, ಪರರ ತೋಟದಲ್ಲಿ ಕೂಲಿಯಿಲ್ಲದೆ ದುಡಿದು, ಬಿಡುವಿನ ದಿನಗಳಲ್ಲಿ ದೇಶ ನೋಡಿ ಮರಳುವ ಪದ್ಧತಿಯೊಂದು ಇಸ್ರೇಲಿನಲ್ಲಿ ಆರು ದಶಕಗಳಿಂದ ನಡೆದು ಬಂದಿದೆ. 2023ರ ಅಕ್ಟೋಬರದ ಬಳಿಕ ಅದಕ್ಕೆ ಹೊಸ ಕಳೆ ಬಂದಿತು. ಇದನ್ನು ತ್ಯಾಗವೆಂದು ಕೊಂಡಾಡುವವರಿದ್ದಾರೆ, ಪ್ರಚಾರವೆಂದು ಹಳಿಯುವವರೂ ಇದ್ದಾರೆ. ಎರಡಕ್ಕೂ ಮುನ್ನ ಈ ಶ್ರಮದಾನ ಹೇಗೆ ಬೆಳೆಯಿತು, ಅದು ಯಾರ ಕೈಯ ಕೆಲಸವನ್ನು ತುಂಬುತ್ತದೆ ಎಂದು ವಿಚಾರಿಸುವುದು ಲೇಸು.

ಇದರ ಒಂದು ಬೇರು ಪುರಾತತ್ವದಲ್ಲಿದೆ. 1963ರಿಂದ 1965ರ ವರೆಗೆ ಮೃತ ಸಮುದ್ರದ ಬಳಿಯ ಮಸಾದಾ ಕೋಟೆಯ ಉತ್ಖನನ ನಡೆಸಿದ ಯಿಗಾಯೆಲ್ ಯಾದಿನ್ ಅವರು ಸ್ವಯಂಸೇವಕರು ಬೇಕೆಂದು ಪತ್ರಿಕೆಗಳ ಮೂಲಕ ಕರೆಯಿತ್ತಿದ್ದರು. ದಾರಿಖರ್ಚು ಬಂದವರದೇ. ಆದರೂ ಹಲವು ದೇಶಗಳಿಂದ ಸಾವಿರಾರು ಮಂದಿ ಬಂದು ಮಣ್ಣು ಹೊತ್ತರು.

ಇನ್ನೊಂದು ಬೇರು ಕಿಬುಟ್ಸ್. ಹೊಲ, ಹಟ್ಟಿ, ಊಟದ ಮನೆ ಎಲ್ಲವೂ ಸಮುದಾಯದ ಸೊತ್ತಾಗಿರುವ ಈ ಗ್ರಾಮಗಳಲ್ಲಿ ಮೊದಲನೆಯದಾದ ದೆಗಾನಿಯಾ 1910ರಲ್ಲಿ ಹುಟ್ಟಿತು. 1967ರ ಜೂನ್ ಯುದ್ಧದ ವೇಳೆ ಮೀಸಲು ಸೈನಿಕರೆಲ್ಲ ರಣರಂಗಕ್ಕೆ ಹೋಗಿದ್ದರಿಂದ ಹೊಲಗಳಲ್ಲಿ ಆಳುಗಳಿಲ್ಲದಾಯಿತು. ಆಗ ಹೊರದೇಶಗಳಿಂದ ಸಹಸ್ರಾರು ಯುವಕ ಯುವತಿಯರು ಹೋಗಿ ದುಡಿದರು. ಆರು ದಿನಗಳಲ್ಲಿ ಯುದ್ಧ ಮುಗಿದರೂ ಬರುವವರ ಸಾಲು ನಿಲ್ಲಲಿಲ್ಲ. ಕಿತ್ತಳೆ ಕೊಯ್ಯುವುದು, ಹಾಲು ಕರೆಯುವುದು, ಪಾತ್ರೆ ತೊಳೆಯುವುದು ಅವರ ಕೆಲಸ. ವಸತಿ, ಊಟ, ಕೈಖರ್ಚಿಗೆ ಅಲ್ಪ ಹಣ ಅವರ ಪ್ರತಿಫಲ. ನಡುನಡುವೆ ಜೆರುಸಲೇಮಿಗೋ ಗಲಿಲಿ ಸರೋವರಕ್ಕೋ ಒಂದು ಪ್ರವಾಸ. ಹೀಗೆ ದುಡಿದು ಹೋದವರ ಸಂಖ್ಯೆ ಮೂರು ಲಕ್ಷಕ್ಕೂ ಮಿಕ್ಕಿದೆ. 1980ರ ದಶಕದಲ್ಲಿ ಕಿಬುಟ್ಸ್‌ಗಳು ಸಾಲದಲ್ಲಿ ಮುಳುಗಿ, ಅವುಗಳ ಸಾಮುದಾಯಿಕ ಜೀವನ ಸಡಿಲಗೊಂಡ ಮೇಲೆ ಈ ಉತ್ಸಾಹವೂ ತಗ್ಗಿತು.

ಅಷ್ಟರಲ್ಲಿ ಬೇರೆ ಯೋಜನೆಗಳು ತಲೆಯೆತ್ತಿದ್ದವು. 1980ರ ದಶಕದ ಆದಿಯಲ್ಲಿ ಆರಂಭವಾದ ಸರ್-ಎಲ್ ಎಂಬ ಸಂಸ್ಥೆ ವಿದೇಶೀಯರನ್ನು ಸೇನಾ ಶಿಬಿರಗಳ ಉಗ್ರಾಣದ ಕೆಲಸಕ್ಕೆ ತೊಡಗಿಸುತ್ತದೆ. 1999ರಲ್ಲಿ ತೊಡಗಿದ ತಗ್ಲಿತ್ ಯೋಜನೆ ಹೊರದೇಶಗಳ ಯೆಹೂದಿ ಯುವಜನರಿಗೆ ಹತ್ತು ದಿನಗಳ ಉಚಿತ ಪ್ರವಾಸ ಒದಗಿಸುತ್ತದೆ. ಪ್ರವಾಸ ಇಲ್ಲಿ ಸಾಧನ, ಬಾಂಧವ್ಯವೇ ಗುರಿ. ಸಂಘಟಕರು ಇದನ್ನು ಮುಚ್ಚಿಟ್ಟದ್ದೂ ಇಲ್ಲ.

2023ರ ಅಕ್ಟೋಬರ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಮಂದಿ ಹತರಾದರು, 251 ಮಂದಿ ಒತ್ತೆಯಾಳುಗಳಾದರು. ಗಾಜಾದ ಅಂಚಿನ ಕಿಬುಟ್ಸ್‌ಗಳೇ ಹೆಚ್ಚಿನ ಪೆಟ್ಟು ತಿಂದವು. ಮೂರು ಲಕ್ಷಕ್ಕೂ ಮಿಕ್ಕಿ ಮೀಸಲು ಸೈನಿಕರಿಗೆ ಕರೆ ಹೋಯಿತು. ಅಲ್ಲಿನ ಬೇಸಾಯಕ್ಕೆ ಆಧಾರವಾಗಿದ್ದ ಸುಮಾರು 30,000 ಥಾಯ್ಲೆಂಡ್ ಕಾರ್ಮಿಕರಲ್ಲಿ ಹಲವರು ಹತರಾಗಿ, ಸಾವಿರಾರು ಮಂದಿ ಊರಿಗೆ ಮರಳಿದರು. ಪೆಲೆಸ್ತೀನಿ ಕಾರ್ಮಿಕರಿಗೆ ಪ್ರವೇಶ ನಿಷೇಧವಾಯಿತು. ಟೊಮೆಟೊ, ಆವಕಾಡೊ ಕೊಯ್ಯುವವರಿಲ್ಲದೆ ಕೊಳೆಯತೊಡಗಿದಾಗ ಸ್ವದೇಶದ ಸ್ವಯಂಸೇವಕರೊಡನೆ ಅಮೆರಿಕ, ಯುರೋಪುಗಳ ತಂಡಗಳೂ ಬಂದು ಸೇರಿದವು. ಒಂದೆರಡು ವಾರದ ಕಾರ್ಯಕ್ರಮದಲ್ಲಿ ತೋಟದ ಕೆಲಸ, ದಾಳಿಗೀಡಾದ ಸ್ಥಳಗಳ ಭೇಟಿ, ಜೆರುಸಲೇಮಿನ ದರ್ಶನ ಒಂದರ ಬೆನ್ನಿಗೊಂದು ಬಂದವು.

ಬ್ರಹ್ಮಕಲಶೋತ್ಸವಕ್ಕೆ ಮುನ್ನ ಊರಿಗೆ ಊರೇ ಸೇರಿ ಕರಸೇವೆ ಮಾಡುವುದನ್ನು ಕಂಡ ನಮಗೆ ಶ್ರಮದಾನದ ಬೆಲೆ ಗೊತ್ತು. ಬೆಳೆ ಕೊಳೆಯುತ್ತಿರುವ ರೈತನಿಗೆ ನೆರವಾದವರನ್ನು ಹಳಿಯುವ ಮನಸ್ಸೂ ನಮಗಿಲ್ಲ. ಆದರೆ ಕರಸೇವೆಯಿಂದ ಯಾರ ಅನ್ನವೂ ಹೋಗುವುದಿಲ್ಲ. ಇಲ್ಲಿ ಹಾಗಲ್ಲ. ಸ್ವಯಂಸೇವಕನು ನಿಂತ ಜಾಗದಲ್ಲಿ ನಿನ್ನೆ ಕೂಲಿಗಾಗಿ ದುಡಿಯುತ್ತಿದ್ದವನೊಬ್ಬನಿದ್ದ. ಯುದ್ಧಕ್ಕೆ ಮುನ್ನ ಇಸ್ರೇಲಿನಲ್ಲಿ ಕೆಲಸಕ್ಕಿದ್ದ ಪೆಲೆಸ್ತೀನಿಯರು ಒಂದು ಲಕ್ಷಕ್ಕೂ ಮಿಕ್ಕಿ. ಅವರ ಮನೆಗಳ ಒಲೆ ಆರಿದ ಕಥೆ ಪ್ರವಾಸದ ವೇಳಾಪಟ್ಟಿಯಲ್ಲಿ ಬರುವುದಿಲ್ಲ. ಬೇಲಿಯ ಆಚೆ ಗಾಜಾದಲ್ಲಿ 2025ರ ಅಕ್ಟೋಬರದ ಕದನವಿರಾಮದ ಹೊತ್ತಿಗೆ 67,000ಕ್ಕೂ ಹೆಚ್ಚು ಮಂದಿ ಮಡಿದಿದ್ದರೆಂದು ಅಲ್ಲಿನ ಆರೋಗ್ಯ ಸಚಿವಾಲಯ ಲೆಕ್ಕ ಕೊಟ್ಟಿತು. ಅದೂ ಯಾತ್ರಿಕನ ಕಣ್ಣಿಗೆ ಬೀಳುವುದಿಲ್ಲ. ಆತಿಥೇಯರು ತೋರಿಸಿದಷ್ಟನ್ನೇ ಅತಿಥಿ ಕಾಣುತ್ತಾನೆ.

ಗಡಿನಾಡಿನ ಕನ್ನಡಿಗರಾದ ನಾವು ಅಲ್ಲಿಗೆ ಹೋದರೆ ಮೊದಲು ರಸ್ತೆಯ ನಾಮಫಲಕ ನೋಡಿಯೇವು. ಅದರಲ್ಲಿ ಹೀಬ್ರೂ, ಅರಬಿ, ಇಂಗ್ಲಿಷ್ ಮೂರೂ ಇರುತ್ತವೆ. ಇದನ್ನು ಕಂಡು ಮೆಚ್ಚಬಹುದು. ಆದರೆ ಪ್ರಜೆಗಳಲ್ಲಿ ಸುಮಾರು ಐದನೇ ಒಂದು ಪಾಲು ಅರಬರಿರುವ ಆ ದೇಶದಲ್ಲಿ, ಅದುವರೆಗೆ ಅಧಿಕೃತ ಭಾಷೆಯಾಗಿದ್ದ ಅರಬಿಯನ್ನು 2018ರ ಕಾಯ್ದೆಯೊಂದು 'ವಿಶೇಷ ಸ್ಥಾನ'ಕ್ಕೆ ಇಳಿಸಿತು. ಫಲಕ ಉಳಿಯಿತು, ಹಕ್ಕು ಕುಗ್ಗಿತು. ಫಲಕಕ್ಕೂ ಹಕ್ಕಿಗೂ ಇರುವ ಅಂತರವನ್ನು ಭಾಷಾ ಅಲ್ಪಸಂಖ್ಯಾತರಿಗೆ ಯಾರೂ ವಿವರಿಸಬೇಕಾಗಿಲ್ಲ. ಎರಡು ವಾರದ ಯಾತ್ರಿಕನಿಗೆ ಮಾತ್ರ ಅದು ಹೊಳೆಯುವುದು ಕಷ್ಟ.

ನಮ್ಮವರಿಗೂ ಇಸ್ರೇಲ್ ದೂರದ ಮಾತಲ್ಲ. ಕೇರಳದ ಹಾಗೂ ಮಂಗಳೂರು, ಉಡುಪಿ ಕಡೆಯ ಅನೇಕರು ಅಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ತಿಂಗಳಿಗೆ ಲಕ್ಷ ರೂಪಾಯಿಗೂ ಮಿಕ್ಕಿದ ಸಂಬಳದ ಆಕರ್ಷಣೆ ಸಣ್ಣದಲ್ಲ. 2023ರ ಫೆಬ್ರವರಿಯಲ್ಲಿ ಕೇರಳ ಸರಕಾರ 27 ಮಂದಿ ರೈತರನ್ನು ಅಲ್ಲಿನ ಬೇಸಾಯ ನೋಡಿ ಬರಲು ಕಳುಹಿಸಿತು. ಹನಿ ನೀರಾವರಿಯ ಉಪಕರಣ 1960ರ ದಶಕದಲ್ಲೇ ಹಟ್ಜೆರಿಂ ಕಿಬುಟ್ಸ್‌ನಲ್ಲಿ ತಯಾರಾಗತೊಡಗಿತ್ತಾದ್ದರಿಂದ ಕಲಿಯಲು ವಿಷಯವೇನೋ ಇತ್ತು. ಆದರೆ ಸುದ್ದಿಯಾದದ್ದು ತಂಡದಿಂದ ಒಬ್ಬ ರೈತ ಕಣ್ಮರೆಯಾದದ್ದು. ಕೆಲವು ದಿನಗಳಲ್ಲಿ ಆತ ಊರಿಗೆ ಮರಳಿದ.

ದುಡಿಯಲು ಹೋದ ಎಲ್ಲರೂ ಮರಳಲಿಲ್ಲ. 2021ರ ಮೇ ತಿಂಗಳಲ್ಲಿ ಅಷ್ಕೆಲೋನಿನಲ್ಲಿ ರಾಕೆಟ್ ಬಿದ್ದು ಇಡುಕ್ಕಿಯ ಮಹಿಳೆಯೊಬ್ಬರು ಸತ್ತರು. 2024ರ ಮಾರ್ಚ್‌ನಲ್ಲಿ ಲೆಬನಾನ್ ಗಡಿಯ ಮರ್ಗಲಿಯೋಟಿನಲ್ಲಿ ಕೃಷಿ ಕೆಲಸಕ್ಕಿದ್ದ ಕೊಲ್ಲಂನ ಯುವಕ ಕ್ಷಿಪಣಿಗೆ ಬಲಿಯಾದ. ಸ್ವಯಂಸೇವಕನು ಅಪಾಯ ಹೆಚ್ಚಿದಾಗ ವಿಮಾನ ಹತ್ತಿಯಾನು. ಸಾಲ ಮಾಡಿ ಹೋದ ಕೂಲಿಕಾರನು ಹಾಗೆ ಹತ್ತಲಾರ.

ಆದ್ದರಿಂದ ನಮ್ಮ ಮನೆಗಳ ಹುಡುಗ ಹುಡುಗಿಯರು ಇಂಥ ಕರೆಗೆ ಓಗೊಡುವ ಮುನ್ನ ಹಿರಿಯರು ಕೇಳಬೇಕಾದ ಪ್ರಶ್ನೆಗಳಿವೆ. ಕೊಡುವ ವೀಸಾ ಪ್ರವಾಸಿಯದೋ, ಸ್ವಯಂಸೇವಕನದೋ, ನೌಕರನದೋ? ಈ ಮೂರೂ ಕಾನೂನಿನಲ್ಲಿ ಬೇರೆ ಬೇರೆ. ಮೊದಲ ಎರಡರಲ್ಲಿ ಹೋಗಿ ಸಂಬಳಕ್ಕೆ ದುಡಿದರೆ ಗಡೀಪಾರಾಗುವ ಅಪಾಯವಿದೆ. ಕೆಲಸ ಗಡಿಯಿಂದ ಎಷ್ಟು ದೂರ? ವಿಮೆ ಯಾರದು? ಆ ಕೆಲಸ ಮೊದಲು ಯಾರು ಮಾಡುತ್ತಿದ್ದರು?

ಕೊನೆಯ ಪ್ರಶ್ನೆಯನ್ನು ಏಜೆಂಟನೂ ಸಂಘಟಕನೂ ಕೇಳುವುದಿಲ್ಲ. ದೇಶ ಸುತ್ತುವುದು ಒಳ್ಳೆಯದು, ಕೈಯಾರೆ ದುಡಿಯುವುದು ಇನ್ನೂ ಒಳ್ಳೆಯದು. ಆದರೆ ಪರಸ್ಥಳದಲ್ಲಿ ಬುಟ್ಟಿ ಹಿಡಿಯುವ ಮುನ್ನ ಆ ಬುಟ್ಟಿ ಯಾರ ಕೈಯಿಂದ ಬಂತೆಂದು ಕೇಳುವುದೇ ನಿಜವಾದ ದೇಶದರ್ಶನದ ಆರಂಭವೆಂದು ನಾವು ಭಾವಿಸುತ್ತೇವೆ.