ಮಗ್ಗದೂರಿನ ಸೂಪರ್‌ಮ್ಯಾನ್

1938ರಲ್ಲಿ ಅಮೆರಿಕದ ಚಿತ್ರಕಥೆಯ ಪುಸ್ತಕವೊಂದರಲ್ಲಿ ಅವತರಿಸಿದ ಸೂಪರ್‌ಮ್ಯಾನ್ ನಾಸಿಕ್ ಜಿಲ್ಲೆಯ ಮಾಲೇಗಾಂವಿಗೂ ಬಂದಿಳಿದ ಸಂಗತಿ ವಾಚಕರಲ್ಲಿ ಕೆಲವರಿಗೆ ಗೊತ್ತಿರಬಹುದು. ನಮ್ಮ ಸೂರತ್ತಿನಂತೆ ಅದೂ ವಿದ್ಯುತ್ ಮಗ್ಗಗಳ ಊರು. ಅಲ್ಲಿ ವಿಡಿಯೋ ಪಾರ್ಲರು ನಡೆಸುತ್ತಿದ್ದ ನಾಸಿರ್ ಶೇಖ್ ಗೆಳೆಯರನ್ನು ಕೂಡಿಸಿಕೊಂಡು ‘ಮಾಲೇಗಾಂವ್ ಕಾ ಸೂಪರ್‌ಮ್ಯಾನ್’ ತೆಗೆದರು. ನಾಯಕರು ಮಗ್ಗದ ಕೂಲಿಕಾರ ಶಫೀಕ್, ಸಣಕಲು ಮೈಯವರು. ಹಾರುವ ದೃಶ್ಯಕ್ಕೆ ಹಿಂದೊಂದು ಹಸಿರು ಬಟ್ಟೆ, ಕ್ಯಾಮರಾ ಸಾಗಲು ಸೈಕಲ್ಲು. ಹಣವಿಲ್ಲದಲ್ಲಿ ಯುಕ್ತಿ! ಈ ಸಾಹಸವನ್ನೆಲ್ಲ ಫೈಜಾ ಅಹ್ಮದ್ ಖಾನ್ ಅವರ 2008ರ ಸಾಕ್ಷ್ಯಚಿತ್ರದಲ್ಲಿ ನೋಡಬಹುದು.

ನಕಲೆಂದು ನಗುವವರು ಒಂದನ್ನು ಗಮನಿಸಬೇಕು. ವೇಷ ಪರದೇಶದ್ದು, ಬೀದಿ, ಮಾತು, ಹಾಸ್ಯ ಆ ಊರಿನವೇ. ಶಫೀಕ್ ಕ್ಯಾನ್ಸರಿನಿಂದ ತೀರಿಕೊಂಡರು. ಚಿತ್ರದಲ್ಲಿ ಇಂದಿಗೂ ಹಾರುತ್ತಿದ್ದಾರೆ.

ನಮ್ಮ ಮಕ್ಕಳ ಕೈಗೂ ಮೊಬೈಲ್ ಸಿಗುತ್ತದೆ. ಶಾಲೆಯಲ್ಲಿ ಗುಜರಾತಿ, ಇಂಗ್ಲಿಷು. ಕನ್ನಡವೋ ಅಡುಗೆಮನೆಗೆ ಸರಿದಿದೆ. ಅವರ ಸೂಪರ್‌ಮ್ಯಾನ್ ಕೊಯಾಲಿಗೆ ಬಂದು ಅಜ್ಜಿಯೊಡನೆ ಕನ್ನಡದಲ್ಲಿ ಮಾತಾಡಲಿ. ದುಡ್ಡು ಮಾಡಲಿಕ್ಕಲ್ಲ, ಸಂಘದ ಕೂಟದಲ್ಲಿ ನಾವೆಲ್ಲ ನೋಡಿ ನಲಿಯಲಿಕ್ಕೆ. ಮಕ್ಕಳಾಟವೆಂದು ಗದರಿಸುವ ಬದಲು, ತಾಯಂದಿರೇ, ಹಳೆಯ ಹಸಿರು ಸೀರೆಯೊಂದನ್ನು ಅವರ ಕೈಗಿಡಿ.