ಬಸವಲಿಂಗಪ್ಪನವರೂ ಆ ಒಂದು ಪದವೂ



ಕಳೆದ ತಿಂಗಳು ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಊಟಕ್ಕೆ ಕುಳಿತಿದ್ದಾಗ, ವಕೀಲಿ ವೃತ್ತಿಯಿಂದ ಶಾಸನಸಭೆಗೆ ಹೋದವರ ಮಾತು ಹೇಗೋ ಬಂದಿತು. ಕೆಂಗಲ್ ಹನುಮಂತಯ್ಯ, ನಿಜಲಿಂಗಪ್ಪ, ಕಡಿದಾಳ್ ಮಂಜಪ್ಪ ಎಂದು ಒಬ್ಬೊಬ್ಬರು ಒಂದೊಂದು ಹೆಸರನ್ನು ಹೇಳುತ್ತಿದ್ದರು. ನಾನು ಬಿ. ಬಸವಲಿಂಗಪ್ಪನವರ ಹೆಸರು ಹೇಳಿದೆ. ಎದುರಿಗಿದ್ದ, ಈಗ ಸರ್ಕಾರದಲ್ಲಿ ಒಳ್ಳೆಯ ಹುದ್ದೆಯಲ್ಲಿರುವ ಶಿಷ್ಯನೊಬ್ಬ ನಕ್ಕು, “ಅದೇ ಬೂಸಾ ಬಸವಲಿಂಗಪ್ಪ ಅಲ್ವೇ ಸಾರ್?” ಎಂದ. ಉಳಿದವರೂ ನಕ್ಕರು. ಅಷ್ಟರಲ್ಲಿ ಪಾಯಸ ಬಂದಿತು, ಮಾತು ಬೇರೆ ಕಡೆಗೆ ಹೊರಳಿತು. ಅಂದು ನಾನು ಸುಮ್ಮನಿದ್ದೆ. ಆ ಮೌನ ನನ್ನನ್ನು ಬಹಳ ದಿನ ಕಾಡಿತು. ಆದ್ದರಿಂದ ಆ ಶಿಷ್ಯನಿಗೂ ಅಂದು ನಕ್ಕ ಎಲ್ಲರಿಗೂ ಈ ಉತ್ತರವನ್ನು ಬರೆಯುತ್ತಿದ್ದೇನೆ.

ಅಸ್ಪೃಶ್ಯರೆನಿಸಿಕೊಂಡ ಕುಲದಲ್ಲಿ ಹುಟ್ಟಿ, ಕಾನೂನು ಓದಿ ವಕೀಲರಾಗಿ, ಅಂಬೇಡ್ಕರರ ವಿಚಾರಗಳನ್ನು ಮನಸಾರೆ ಒಪ್ಪಿಕೊಂಡು ರಾಜಕಾರಣಕ್ಕೆ ಬಂದವರು ಬಸವಲಿಂಗಪ್ಪನವರು. 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದಾಗ ಅವರ ಸಂಪುಟದಲ್ಲಿ ಪೌರಾಡಳಿತ ಸಚಿವರಾದರು. ನಗರಸಭೆ ಪುರಸಭೆಗಳ ಖಾತೆ ಎಂದರೆ ಅಂದಿನ ರಾಜಕಾರಣಿಗಳ ಕಣ್ಣಿಗೆ ಚರಂಡಿ ಬೀದಿದೀಪಗಳ ಖಾತೆ. ಅದನ್ನು ಬಯಸಿ ಪಡೆಯುವವರು ವಿರಳ. ಬಸವಲಿಂಗಪ್ಪನವರು ಆ ಖಾತೆಯಲ್ಲಿ ಕುಳಿತು ಮಾಡಿದ ಕೆಲಸವೇನೆಂದರೆ, ರಾಜ್ಯದಲ್ಲಿ ಮನುಷ್ಯನು ಮನುಷ್ಯನ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು.

ಈ ವಾಕ್ಯವನ್ನು ನೀವು ಸುಲಭವಾಗಿ ಓದಿ ಮುಂದೆ ಹೋಗುತ್ತೀರಿ ಎಂಬ ಭಯ ನನಗಿದೆ. ಏಕೆಂದರೆ ನಿಮ್ಮಲ್ಲಿ ಬಹುಪಾಲು ಜನ ಆ ಬುಟ್ಟಿಯನ್ನು ನೋಡಿಲ್ಲ. ನಾನು ನೋಡಿದ್ದೇನೆ. ನಮ್ಮ ಮನೆಯ ಹಿತ್ತಿಲಿನ ಮೂಲೆಯಲ್ಲಿ ಕಕ್ಕಸು ಇತ್ತು. ಎತ್ತರದ ಎರಡು ಕಲ್ಲುಗಳು, ಕೆಳಗೆ ಒಂದು ತಗಡಿನ ಡಬ್ಬ. ಹಿಂದಿನ ಓಣಿಯ ಗೋಡೆಯಲ್ಲಿ, ನೆಲಮಟ್ಟದಲ್ಲಿ, ಒಂದು ಮೊಳ ಅಗಲದ ಕಿಂಡಿ. ಅದಕ್ಕೊಂದು ತಗಡಿನ ಬಾಗಿಲು. ಬೆಳಕು ಹರಿಯುವ ಮುಂಚೆ ಒಬ್ಬ ಹೆಂಗಸು ಬಂದು, ಆ ಕಿಂಡಿಯೊಳಗೆ ಕೈಹಾಕಿ ಡಬ್ಬವನ್ನು ಎಳೆದು, ಬುಟ್ಟಿಗೆ ಸುರಿದುಕೊಂಡು, ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದಳು. ಮಳೆಗಾಲದಲ್ಲಿ ಆ ಬುಟ್ಟಿ ಸೋರುತ್ತಿತ್ತು. ಆಕೆಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಹಬ್ಬದ ಮರುದಿನ ಅಜ್ಜಿ ಉಳಿದ ಅನ್ನವನ್ನು ಎಲೆಯಲ್ಲಿಟ್ಟು, ಗೋಡೆಯ ಮೇಲಿನಿಂದ ಆಕೆಯ ಸೆರಗಿಗೆ ಹಾಕುತ್ತಿದ್ದರು. ಅಜ್ಜಿ ಕೆಟ್ಟವರಾಗಿರಲಿಲ್ಲ; ಊರಿನಲ್ಲಿ ಕರುಣಾಳು ಎಂದೇ ಅವರಿಗೆ ಹೆಸರು.

ಈಗ ಕಾನೂನಿನ ಮಾತಿಗೆ ಬರೋಣ; ಬಸವಲಿಂಗಪ್ಪನವರು ವಕೀಲರು ಎಂಬುದು ಮುಖ್ಯವಾಗುವುದು ಇಲ್ಲಿಯೇ. ಸಂವಿಧಾನದ 17ನೆಯ ವಿಧಿ 1950ರಿಂದಲೇ ಅಸ್ಪೃಶ್ಯತೆಯನ್ನು ರದ್ದುಪಡಿಸಿತ್ತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದಿತು. ಇವೆರಡೂ ಇರುವಾಗಲೇ ಆ ಹೆಂಗಸು ಪ್ರತಿದಿನ ಬರುತ್ತಿದ್ದಳು. ಬಲವಂತದಿಂದ ಮಲ ಬಾಚಿಸುವುದೂ ಅಸ್ಪೃಶ್ಯತೆಯ ಆಚರಣೆಯೇ ಎಂದು ಆ ಕಾಯಿದೆಗೆ ಸೇರಿಸಿದ್ದು 1976ರಲ್ಲಿ. ಮಲ ಹೊರಿಸುವುದನ್ನು ನಿಷೇಧಿಸುವ ಪ್ರತ್ಯೇಕ ಕಾನೂನನ್ನು ದೇಶದ ಸಂಸತ್ತು ಮಾಡಿದ್ದು 1993ರಲ್ಲಿ. ಈ ಎರಡಕ್ಕೂ ಮುಂಚೆ, ಒಂದು ರಾಜ್ಯದ ಒಬ್ಬ ಸಚಿವರು, ದೊಡ್ಡ ಶಾಸನಕ್ಕಾಗಿ ಕಾಯದೆ, ತಮ್ಮ ಕೈಯಲ್ಲಿದ್ದ ಖಾತೆಯ ಅಧಿಕಾರವನ್ನೇ ಬಳಸಿದರು. ನ್ಯಾಯಾಲಯದಲ್ಲಿ ನಿಂತು ಬಂದವನಿಗೆ ಮಾತ್ರ ಹೊಳೆಯುವ ವಿಷಯವಿದು: ಹಕ್ಕು ಗ್ರಂಥದಲ್ಲಿದ್ದರೆ ಸಾಲದು, ಪುರಸಭೆಯ ಮುಖ್ಯಾಧಿಕಾರಿಯ ಮೇಜಿನ ಮೇಲೆ ಆದೇಶವಾಗಿ ಬಂದು ಕೂರಬೇಕು.

ಇನ್ನು ಆ ಪದ. 1973ರ ನವೆಂಬರಿನಲ್ಲಿ ಮೈಸೂರಿನ ಒಂದು ವಿಚಾರಗೋಷ್ಠಿಯಲ್ಲಿ ಮಾತನಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತನ್ನು ಅವರು ಆಡಿದರು. ರಾಜ್ಯದ ಉದ್ದಗಲಕ್ಕೂ ಗಲಭೆ ಎದ್ದಿತು. ಕನ್ನಡಾಭಿಮಾನದ ಹೆಸರಿನಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಡಿಸೆಂಬರಿನಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಅಂತಹ ಹೊತ್ತಿನಲ್ಲಿ ಕುವೆಂಪು ಅವರ ಪರವಾಗಿ ನಿಂತರು ಎಂಬುದನ್ನು ಅಂದು ಮೆರವಣಿಗೆ ಹೊರಟ ಅಭಿಮಾನಿಗಳು ಬೇಕೆಂದೇ ಮರೆತರು.

ಆ ಮೆರವಣಿಗೆಗಳಲ್ಲೊಂದರಲ್ಲಿ ನಾನೂ ಇದ್ದೆ. ಒಂಬತ್ತನೆಯ ತರಗತಿಯ ಹುಡುಗ. ಬೂಸಾ ಎಂದರೇನೆಂದು ಗೊತ್ತಿತ್ತು, ಏಕೆಂದರೆ ನಮ್ಮ ಮನೆಯಲ್ಲಿ ಎಮ್ಮೆಗಳಿದ್ದವು; ಅವರು ಏನು ಹೇಳಿದರೆಂದು ಮಾತ್ರ ಗೊತ್ತಿರಲಿಲ್ಲ. ಘೋಷಣೆ ಕೂಗುತ್ತ ಹೋದ ನಾವು ವಿದ್ಯಾರ್ಥಿನಿಲಯವೊಂದರ ಮುಂದೆ ನಿಂತೆವು. ಯಾರೋ ಕಲ್ಲು ತೂರಿದರು. ನಾನು ತೂರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಓಡಿಹೋಗಲೂ ಇಲ್ಲ. ನನ್ನ ತರಗತಿಯವನೇ ಆದ ಒಬ್ಬ ಹುಡುಗ ಆ ನಿಲಯದಲ್ಲಿದ್ದ. ಒಂದು ವಾರ ಶಾಲೆಗೆ ಬರಲಿಲ್ಲ. ಬಂದಮೇಲೂ ಏಕೆ ಬರಲಿಲ್ಲವೆಂದು ನಾನು ಕೇಳಲಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿದವನು ನಾನು. ಪಂಪ, ಕುಮಾರವ್ಯಾಸ, ವಚನಕಾರರನ್ನು ಪಾಠ ಮಾಡುವಾಗ ನನ್ನ ಕಣ್ಣು ತುಂಬಿದ್ದನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ, ನೋಡಿ ಮುಸಿಮುಸಿ ನಕ್ಕದ್ದೂ ನನಗೆ ಗೊತ್ತು. ಆದ್ದರಿಂದ ಬಸವಲಿಂಗಪ್ಪನವರ ಆ ಮಾತು ಅಕ್ಷರಶಃ ಸರಿ ಎಂದು ನಾನು ಒಪ್ಪಲಾರೆ. ಅದು ಒರಟಾದ, ಸಾರಾಸಗಟಾದ ಮಾತು. ಆದರೆ ಅದನ್ನು ಒಂದು ಪ್ರಶ್ನೆಯಾಗಿ ತೆಗೆದುಕೊಂಡರೆ, ನಮ್ಮ ಬಳಿ ಆಗ ಏನು ಉತ್ತರವಿತ್ತು? ಸಾವಿರ ವರ್ಷದ ಸಾಹಿತ್ಯದಲ್ಲಿ ನಮ್ಮ ಹಿಂದಿನ ಓಣಿಯ ಆ ಹೆಂಗಸು ಎಷ್ಟು ಪುಟಗಳಲ್ಲಿದ್ದಳು? ದೇವನೂರ ಮಹಾದೇವರ ‘ದ್ಯಾವನೂರು’ ಬಂದದ್ದು 1973ರಲ್ಲಿ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ಬೂಸಾ ಗಲಭೆಯ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಹುಟ್ಟಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂದಿತು. ಆ ಮಾತಿನಿಂದ ಕನ್ನಡಕ್ಕೆ ನಷ್ಟವಾಯಿತೆನ್ನುವವರು ಆಮೇಲಿನ ಕನ್ನಡವನ್ನು ಓದಿಲ್ಲ.

ನನಗೆ ಸಿಟ್ಟು ಬರುವುದು ನಮ್ಮ ತಕ್ಕಡಿಯನ್ನು ನೋಡಿ. ಭಾಷಣದಲ್ಲಿ ಆಡಿದ ಒಂದು ಪದವನ್ನು ಐವತ್ತು ವರ್ಷ ನೆನಪಿಟ್ಟ ನಾಡು, ಆ ಬುಟ್ಟಿಯನ್ನು ಇಳಿಸಿದ ಆದೇಶವನ್ನು ಐದು ವರ್ಷವೂ ನೆನಪಿಡಲಿಲ್ಲ. ಬೇರೆ ಯಾವ ನಾಯಕರ ಹೆಸರಿನ ಹಿಂದೆಯಾದರೂ ಅವರ ಒಂದು ತಪ್ಪು ಮಾತನ್ನು ಹೀಗೆ ಬಿರುದಿನಂತೆ ಅಂಟಿಸಿದ್ದೇವೆಯೇ? ಒರಟು ಮಾತನಾಡಿದ ಮೇಲ್ಜಾತಿಯ ಸಚಿವರು ನಮ್ಮಲ್ಲಿ ಕಡಿಮೆ ಇಲ್ಲ. ಅವರನ್ನು ನಾವು ‘ನಿಷ್ಠುರವಾದಿ’ ಎಂದು ಗೌರವಿಸುತ್ತೇವೆ.

“ಆದೇಶದಿಂದೇನಾಯಿತು ಸಾರ್, ಪದ್ಧತಿ ನಿಲ್ಲಲಿಲ್ಲವಲ್ಲ” ಎಂದು ಆ ಶಿಷ್ಯ ಕೇಳಬಹುದು. ಪೂರ್ತಿ ನಿಲ್ಲಲಿಲ್ಲ, ನಿಜ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಅದು ಮುಂದೆಯೂ ಬಹಳ ವರ್ಷ ನಡೆಯಿತು. ಅಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ದೇಶದಾದ್ಯಂತ ಹೋರಾಟ ಕಟ್ಟಬೇಕಾಯಿತು. 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು, ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಕಚೇರಿಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. 2013ರಲ್ಲಿ ಇನ್ನೊಂದು ಕಾನೂನು ಬಂದಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ, ಒಳಚರಂಡಿಯಲ್ಲಿ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರುತ್ತಿದೆ ಎಂದರೆ ಸಾವು ನಿಂತಿಲ್ಲವೆಂದೇ ಅರ್ಥ. ಆದರೆ ಈ ಸೋಲನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಆದೇಶ ಹೊರಡಿಸಿದವರನ್ನು ಒಂದು ಪದಕ್ಕಾಗಿ ಕುರ್ಚಿಯಿಂದ ಇಳಿಸಿದವರು ನಾವು. ಅನಂತರ ಆ ಆದೇಶ ಎಲ್ಲ ಊರಿಗೂ ತಲುಪಿತೇ ಎಂದು ವಿಚಾರಿಸಲು ಒಂದೇ ಒಂದು ಮೆರವಣಿಗೆಯನ್ನೂ ನಾವು ಹೊರಡಿಸಲಿಲ್ಲ. ಮುಂದೆ ಅವರು ಮತ್ತೆ ಸಚಿವರಾದರು, ಕಂದಾಯ ಖಾತೆಯನ್ನೂ ನೋಡಿಕೊಂಡರು, ಯಲಹಂಕ ಕ್ಷೇತ್ರದಿಂದ ಗೆದ್ದು ಬಂದರು, 1992ರಲ್ಲಿ ತೀರಿಕೊಂಡರು. ಮಲ ಹೊರುವುದರ ವಿರುದ್ಧ ಸಂಸತ್ತು ಮಾಡಿದ ಕಾನೂನನ್ನು ನೋಡಲು ಅವರು ಉಳಿದಿರಲಿಲ್ಲ.

ನಮ್ಮ ಮನೆಗೆ ಪುರಸಭೆಯ ನೋಟೀಸು ಬಂದಾಗ ಅಜ್ಜಿ, ಸರ್ಕಾರದವರಿಗೆ ಬೇರೆ ಕೆಲಸವಿಲ್ಲವೇ ಎಂದು ಗೊಣಗಿದರು. ಅಪ್ಪ ಸಾಲ ಮಾಡಿ ಗುಂಡಿ ತೋಡಿಸಿ ಹೊಸ ಕಕ್ಕಸು ಕಟ್ಟಿಸಿದರು. ಓಣಿಯ ಕಡೆಗಿದ್ದ ಕಿಂಡಿಗೆ ಇಟ್ಟಿಗೆ ಇಟ್ಟು ಮುಚ್ಚಿಸಿದರು. ಗಾರೆಯವನು ಕಲಸಿದ ಸುಣ್ಣವನ್ನು ನಾನೇ ಬಾಣಲಿಯಲ್ಲಿ ಎತ್ತಿಕೊಟ್ಟಿದ್ದೆ. ಆ ಗೋಡೆ ಈಗಲೂ ಇದೆ. ನಕ್ಕ ಶಿಷ್ಯ ಮುಂದಿನ ಸಲ ಊರಿಗೆ ಬಂದಾಗ ಹಿಂದಿನ ಓಣಿಯಿಂದ ಬರಲಿ. ಕಲ್ಲಿನ ಗೋಡೆಯಲ್ಲಿ ನೆಲಮಟ್ಟದಲ್ಲಿ ಒಂದು ಮೊಳದಷ್ಟು ಜಾಗದಲ್ಲಿ ಮಾತ್ರ ಕೆಂಪು ಇಟ್ಟಿಗೆ ಕಾಣುತ್ತದೆ. ಮನೆ ಗುರುತಿಸಲು ಅಷ್ಟು ಸಾಕು.