‘ಅನ್‌ಲಿಮಿಟೆಡ್’ ಯಾರಿಗೆ, ಲಿಮಿಟ್ ಯಾರಿಗೆ?

ಉಳ್ಳಾಲ, ದೇರಳಕಟ್ಟೆಯಿಂದ ಹಿಡಿದು ಬಿ.ಸಿ.ರೋಡ್, ಉಪ್ಪಿನಂಗಡಿವರೆಗೆ ಈಗ ಎಲ್ಲಿ ನೋಡಿದರೂ ಕಂಬಗಳಲ್ಲಿ ಫೈಬರ್ ಕೇಬಲ್‌ಗಳು ನೇತಾಡುತ್ತಿರುತ್ತವೆ. ಜಾಹೀರಾತು ಮಾತ್ರ ಎಲ್ಲರದ್ದೂ ಒಂದೇ: ‘ಮನೆಗೆ ಅನ್‌ಲಿಮಿಟೆಡ್ ಇಂಟರ್‌ನೆಟ್’. ದರದ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ ಗುರುತು, ಅದರ ವಿವರ ಕೆಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಅಕ್ಷರದಲ್ಲಿ. ಆ ಚಿಕ್ಕ ಅಕ್ಷರದಲ್ಲಿ ಏನುಂಟು, ಅದರಿಂದ ನಮ್ಮ ಮನೆಗಳಿಗೆ ಎಷ್ಟು ನಷ್ಟ, ನಿಜವಾದ ಲಿಮಿಟ್ ಎಲ್ಲಿ ಕೂತಿದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕಾಗಿದೆ.

‘ಅನ್‌ಲಿಮಿಟೆಡ್’ ಎಂದರೆ ನಿಜಕ್ಕೂ ಮಿತಿಯೇ ಇಲ್ಲವೆಂದು ಅರ್ಥವಲ್ಲ. ಇದಕ್ಕೆ ಕಂಪೆನಿಗಳು ಇಟ್ಟ ಹೆಸರು ‘ಫೇರ್ ಯೂಸೇಜ್ ಪಾಲಿಸಿ’, ಚಿಕ್ಕದಾಗಿ ಎಫ್‌ಯುಪಿ. ತಿಂಗಳಿಗೆ ಇಷ್ಟು ಜಿಬಿವರೆಗೆ ಪೂರ್ತಿ ಸ್ಪೀಡ್, ಆಮೇಲೆ ಸಂಪರ್ಕ ಕಡಿದು ಹೋಗುವುದಿಲ್ಲ, ಆದರೆ ಸ್ಪೀಡ್ ಬಿದ್ದು ಹೋಗುತ್ತದೆ. ಜಿಯೋ, ಏರ್‌ಟೆಲ್ ಫೈಬರ್‌ನಲ್ಲಿ ಮತ್ತು ಬಿಎಸ್‌ಎನ್‌ಎಲ್‌ನ ಹೆಚ್ಚಿನ ಪ್ಲಾನ್‌ಗಳಲ್ಲಿ ಈ ಮಿತಿ ತಿಂಗಳಿಗೆ ಸುಮಾರು 3,300 ಜಿಬಿ. ಕೇಬಲ್ ಇಲ್ಲದೆ ಟವರಿನ ಸಿಗ್ನಲ್‌ನಿಂದ ಬರುವ ‘ಏರ್‌ಫೈಬರ್’ಗೆ ಸಾಮಾನ್ಯವಾಗಿ 1,000 ಜಿಬಿ.

ಮೊದಲು ಫೈಬರ್ ಲೆಕ್ಕ ನೋಡಿ. ಎಚ್‌ಡಿ ವೀಡಿಯೊ ಒಂದು ಗಂಟೆಗೆ ಹೆಚ್ಚೆಂದರೆ 3 ಜಿಬಿ ತಿನ್ನುತ್ತದೆ. ಮನೆಯ ಟಿವಿಯನ್ನು ಹಗಲೂ ರಾತ್ರಿ ಆಫ್ ಮಾಡದೆ ಬಿಟ್ಟರೂ ದಿನಕ್ಕೆ 72 ಜಿಬಿ, ತಿಂಗಳಿಗೆ 2,160 ಜಿಬಿ. ಹಾಗೆ ಮಾಡಿದರೂ 3,300 ಮುಟ್ಟುವುದಿಲ್ಲ! ಸಾಧಾರಣ ಮನೆಯಲ್ಲಿ ದಿನಕ್ಕೆ 4 ಗಂಟೆ ಟಿವಿ, ನಾಲ್ಕು ಮೊಬೈಲ್‌ಗೆ ತಲಾ 2 ಜಿಬಿ, ಗಲ್ಫ್‌ನಿಂದ ಒಂದು ಗಂಟೆ ವೀಡಿಯೊ ಕಾಲ್ ಎಂದು ಹಿಡಿದರೂ ದಿನಕ್ಕೆ 21 ಜಿಬಿ, ತಿಂಗಳಿಗೆ 630 ಜಿಬಿ. ಅಂದರೆ ಮಿತಿಯ ಐದನೇ ಒಂದು ಪಾಲೂ ಇಲ್ಲ.

ಏರ್‌ಫೈಬರ್‌ನಲ್ಲಿ ಸ್ವಲ್ಪ ಜಾಗ್ರತೆ ಬೇಕು. ದೊಡ್ಡ ಟಿವಿ ತಂದು 4ಕೆ ಗುಣಮಟ್ಟದಲ್ಲಿ ನೋಡುವುದಾದರೆ ಗಂಟೆಗೆ 7 ಜಿಬಿವರೆಗೆ ಹೋಗುತ್ತದೆ. ದಿನಕ್ಕೆ 4 ಗಂಟೆ ನೋಡಿದರೆ ಟಿವಿಗೇ 28 ಜಿಬಿ, ಮೊಬೈಲ್‌ಗಳದ್ದು ಸೇರಿದರೆ ತಿಂಗಳಿಗೆ 1,100 ಜಿಬಿ ದಾಟಿತು. ಮಿತಿ ಇಷ್ಟು ಕಡಿಮೆ ಇಡಲು ಕಾರಣವೂ ಉಂಟು. ಫೈಬರ್ ಕೇಬಲ್‌ನಲ್ಲಿ ಜಾಗ ಧಾರಾಳ. ಟವರಿನ ತರಂಗವಾದರೆ ಊರಿನ ಎಲ್ಲ ಮೊಬೈಲ್‌ಗಳ ಜೊತೆ ಹಂಚಿಕೊಂಡೇ ಬರಬೇಕು. ಒಂದೇ ರಸ್ತೆಯಲ್ಲಿ ಎರಡೂ ಸಿಗುವುದಾದರೆ ಕೇಬಲ್ ಫೈಬರನ್ನೇ ಹಾಕಿಸಿಕೊಳ್ಳುವುದು ಒಳ್ಳೆಯದು.

ದುಡ್ಡು ಹೋಗುವುದು ಸ್ಪೀಡಿಗೆ

ಹಾಗಾದರೆ ಫೈಬರ್ ಇರುವ ಮನೆಯಲ್ಲಿ ಹಣ ಪೋಲಾಗುವುದು ಎಲ್ಲಿ? ಬೇಡದ ಸ್ಪೀಡಿನಲ್ಲಿ. ಜಿಯೋ ಫೈಬರ್‌ನಲ್ಲಿ 30 ಎಂಬಿಪಿಎಸ್‌ಗೆ 399 ರೂಪಾಯಿ, 100ಕ್ಕೆ 699, 150ಕ್ಕೆ 999, 300ಕ್ಕೆ 1,499. ಜಿಬಿ ಮಿತಿ ಎಲ್ಲದಕ್ಕೂ ಒಂದೇ. ದುಬಾರಿ ಪ್ಲಾನ್‌ಗಳಲ್ಲಿ ಒಟಿಟಿ ಆ್ಯಪ್‌ಗಳನ್ನೂ ಸೇರಿಸಿ ಕೊಡುತ್ತಾರೆ. ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್ ಸಾಕು, 4ಕೆಗೆ 15, ವೀಡಿಯೊ ಕಾಲ್‌ಗೆ 2-3. ಐದಾರು ಜನರ ಮನೆಗೆ 30 ಎಂಬಿಪಿಎಸ್ ನಡೆದು ಹೋಗುತ್ತದೆ.

‘ಮೇಲಿನ ರೂಮಿಗೆ ನೆಟ್ ಬರುವುದಿಲ್ಲ, ಅದಕ್ಕೆ ದೊಡ್ಡ ಪ್ಲಾನ್ ಹಾಕಿಸಿದೆವು’ ಎನ್ನುವವರು ತುಂಬ ಜನ. ಅಲ್ಲಿ ತಪ್ಪು ಪ್ಲಾನ್‌ನದ್ದಲ್ಲ, ಗೋಡೆಯದ್ದು. ನಮ್ಮ ಕಡೆಯ ಮನೆಗಳು ಕೆಂಪು ಕಲ್ಲಿನವು, ಮೇಲೆ ಕಾಂಕ್ರೀಟ್ ಸ್ಲ್ಯಾಬ್. ದಪ್ಪ ಕಲ್ಲಿನ ಎರಡು ಗೋಡೆ ದಾಟುವಷ್ಟರಲ್ಲಿ ವೈಫೈ ಸುಸ್ತಾಗುತ್ತದೆ. 300 ಎಂಬಿಪಿಎಸ್ ಪ್ಲಾನ್ ಹಾಕಿದರೂ ಗೋಡೆ ತೆಳ್ಳಗಾಗುವುದಿಲ್ಲ ಅಲ್ವಾ? ರೂಟರನ್ನು ಸಿಟೌಟಿನ ಮೂಲೆಯಿಂದ ತೆಗೆದು ಮನೆಯ ನಡುವೆ, ಎತ್ತರದಲ್ಲಿ ಇಡಿಸಿ ನೋಡಿ. ಆಗಲೂ ಸಾಲದಿದ್ದರೆ ಮೇಲಿನ ಮಹಡಿಗೆ ಒಂದು ಕೇಬಲ್ ಎಳೆದು ಇನ್ನೊಂದು ಸಣ್ಣ ರೂಟರ್ ಇಡಬಹುದು. ಅದು ಒಮ್ಮೆಯ ಖರ್ಚು. ದೊಡ್ಡ ಪ್ಲಾನ್ ಪ್ರತಿ ತಿಂಗಳ ಖರ್ಚು. ಸಮುದ್ರದಾಚೆ ದುಡಿದು ಕಳಿಸುವ ಹಣ ಹೀಗೆ ಗೊತ್ತಿಲ್ಲದೆ ಸೋರಿ ಹೋಗುವುದಕ್ಕೂ ಇಸ್ರಾಫ್ ಎಂದೇ ಹೆಸರು.

ಇನ್ನೊಂದು ವಿಷಯ: ಮನೆಯ ಫೈಬರ್‌ಗೆ ಜಾಹೀರಾತಿನಲ್ಲಿ ಹಾಕುವ ದರಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿರುವುದಿಲ್ಲ. 399 ಎಂದರೆ ಕೈಯಿಂದ ಹೋಗುವುದು 471. ಬಿಎಸ್‌ಎನ್‌ಎಲ್‌ನ 449 ಎಂದರೆ 530. ಮೊಬೈಲ್ ರೀಚಾರ್ಜ್‌ನಲ್ಲಿ ತೆರಿಗೆ ಸೇರಿಸಿಯೇ ಹೇಳುತ್ತಾರೆ. ಎರಡನ್ನು ಹೋಲಿಸುವಾಗ ಇದು ನೆನಪಿರಲಿ. ದರಗಳು ಆಗಾಗ ಬದಲಾಗುತ್ತವೆ, ಹಾಕಿಸುವ ದಿನ ಒಮ್ಮೆ ಕೇಳಿಕೊಳ್ಳಿ.

ನಿಜವಾದ ಲಿಮಿಟ್ ಇರುವ ಮನೆ

ಇಷ್ಟು ಹೊತ್ತು ಹೇಳಿದ್ದು ಮನೆಗೆ ಫೈಬರ್ ಬಂದವರ ಕಥೆ. ನಮ್ಮಲ್ಲೇ ಇನ್ನೊಂದು ಬಗೆಯ ಮನೆಗಳಿವೆ. ಬೀಡಿ ಕಟ್ಟುವ ಉಮ್ಮ, ರಿಕ್ಷಾ ಓಡಿಸುವ ಅಥವಾ ಮೀನು ಮಾರುವ ಬಾಪ, ಬಾಡಿಗೆ ಮನೆ, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನ ಮಗ. ಅಲ್ಲಿ ಫೈಬರ್ ಇಲ್ಲ, ನಾಲ್ಕು ಮೊಬೈಲ್‌ಗಳಿವೆ. ನಿಜವಾದ ಲಿಮಿಟ್ ಇರುವುದು ಅಲ್ಲಿ.

2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪೆನಿಗಳು ಮೊಬೈಲ್ ದರ ಏರಿಸಿದವು. ಜಿಯೋದಲ್ಲಿ ದಿನಕ್ಕೆ 1.5 ಜಿಬಿಯ 28 ದಿನದ ಪ್ಯಾಕ್ 239ರಿಂದ 299ಕ್ಕೆ ಹೋಯಿತು. 28 ದಿನ ಎಂದರೆ ವರ್ಷಕ್ಕೆ 12 ಸಲ ಅಲ್ಲ, 13 ಸಲ ರೀಚಾರ್ಜ್. ನಾಲ್ಕು ಮೊಬೈಲ್‌ಗೆ ವರ್ಷಕ್ಕೆ 15,548 ರೂಪಾಯಿ. ಅದಕ್ಕೆ ಸಿಗುವುದು 28 ದಿನಕ್ಕೆ ಒಟ್ಟು 168 ಜಿಬಿ. ಅಂದರೆ ಒಂದು ಜಿಬಿಗೆ 7 ರೂಪಾಯಿ. ಫೈಬರ್ ಮನೆಯವರು 471 ಕೊಟ್ಟು ತಿಂಗಳಿಗೆ 630 ಜಿಬಿ ಬಳಸಿದರೆ ಒಂದು ಜಿಬಿಗೆ ಬೀಳುವುದು 75 ಪೈಸೆ. ಕಡಿಮೆ ಸಂಪಾದನೆಯವರು ಅದೇ ಸರಕಿಗೆ ಒಂಬತ್ತು ಪಟ್ಟು ಕೊಡುತ್ತಿದ್ದಾರೆ!

ಅದಕ್ಕಿಂತ ದೊಡ್ಡ ಕಷ್ಟ ದಿನದ ಮಿತಿ. ಫೈಬರ್‌ಗೆ ತಿಂಗಳ ಲೆಕ್ಕ, ಇಂದು ಬಳಸದಿದ್ದರೆ ನಾಳೆಗೆ ಉಳಿಯುತ್ತದೆ. ಮೊಬೈಲ್ ಪ್ಯಾಕ್‌ನಲ್ಲಿ ಉಳಿದದ್ದು ರಾತ್ರಿ 12 ಗಂಟೆಗೆ ಹೋಯಿತು. ಮುಗಿದ ಮೇಲೆ ಸಿಗುವ ಸ್ಪೀಡ್ 64 ಕೆಬಿಪಿಎಸ್. ಅದರಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ಹೋಗಬಹುದು, ಪಾಠದ ವೀಡಿಯೊ ಓಡುವುದಿಲ್ಲ. ಒಂದು ಗಂಟೆಯ ವೀಡಿಯೊ ಕಾಲ್‌ಗೆ ಅರ್ಧದಿಂದ ಒಂದು ಜಿಬಿ ಬೇಕು. ಜುಬೈಲ್‌ನಲ್ಲಿರುವ ಗಂಡ ಇಶಾ ನಮಾಝ್ ಮುಗಿಸಿ ವಾಟ್ಸ್‌ಆ್ಯಪ್‌ನಲ್ಲಿ, ದುಬೈಯಲ್ಲಿರುವ ಮಗ ಬೊಟಿಮ್‌ನಲ್ಲಿ ಕರೆ ಮಾಡಿದರೆ ಆ ದಿನದ 1.5 ಜಿಬಿ ಅಲ್ಲಿಗೆ ಮುಗಿಯಿತು. ಮತ್ತೆ ಮಗಳಿಗೆ ಹಾಟ್‌ಸ್ಪಾಟ್ ಕೊಡಲು ಎಂತ ಉಳಿಯುತ್ತದೆ?

‘5ಜಿ ಅನ್‌ಲಿಮಿಟೆಡ್ ಉಂಟಲ್ಲ’ ಎಂದು ಕೇಳಬಹುದು. ಉಂಟು. ಆದರೆ 2024ರ ದರ ಏರಿಕೆಯ ನಂತರ ಅದು ಸಾಮಾನ್ಯವಾಗಿ ದಿನಕ್ಕೆ 2 ಜಿಬಿ ಅಥವಾ ಹೆಚ್ಚಿನ ಪ್ಯಾಕ್ ಹಾಕಿದವರಿಗೆ ಮಾತ್ರ. ಕೈಯಲ್ಲಿ 5ಜಿ ಸೆಟ್ ಇರಬೇಕು, ಊರಲ್ಲಿ 5ಜಿ ಸಿಗ್ನಲ್ ಇರಬೇಕು. ಗುಡ್ಡದ ಬುಡದ ಮನೆಗಳಿಗೆ ಇದು ದೂರದ ಮಾತು.

ಡೇಟಾ ಎಣಿಸಿ ಬಳಸುವ ಮನೆಯಲ್ಲಿ ಕೊನೆಗೆ ಬಿಟ್ಟುಕೊಡುವವರು ಯಾರು ಎನ್ನುವುದನ್ನೂ ಯೋಚಿಸಬೇಕು. ಹೊರಗೆ ತಿರುಗುವ ಗಂಡುಮಕ್ಕಳ ಸೆಟ್ ಮೊದಲು ರೀಚಾರ್ಜ್ ಆಗುತ್ತದೆ, ಮನೆಯಲ್ಲಿರುವ ಹೆಣ್ಣುಮಗಳದ್ದು ‘ಮುಂದಿನ ವಾರ ನೋಡುವ’ ಎಂದಾಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಶಾಲೆಯ ಪಾಠದ ಜೊತೆ ಮದ್ರಸದ ಪಾಠವೂ ಯೂಟ್ಯೂಬ್‌ಗೆ ಬಂದಾಗ ಇದನ್ನು ಕಣ್ಣಾರೆ ಕಂಡಿದ್ದೇವೆ. ನೆರೆಯ ಕೇರಳದಲ್ಲಿ ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿ, ಹಾಸ್ಟೆಲ್‌ನಲ್ಲಿ ಸಂಜೆ ಮೊಬೈಲ್ ಬಳಸಬಾರದು ಎಂಬ ನಿಯಮದ ವಿರುದ್ಧ ಕೋರ್ಟ್ ಮೆಟ್ಟಿಲು ಹತ್ತಿದಳು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ ಅವಳನ್ನು ಮತ್ತೆ ಹಾಸ್ಟೆಲ್‌ಗೆ ಸೇರಿಸಿಕೊಳ್ಳಲು ಆದೇಶಿಸಿತು. ಹಕ್ಕು ಎಂದಾದ ಮೇಲೆ ಅದಕ್ಕೆ ದಾರಿಯೂ ಬೇಕಲ್ಲ?

ಬಡವರಿಗೆ ಫೈಬರ್ ಯಾಕೆ ಬರುವುದಿಲ್ಲ?

ವರ್ಷಕ್ಕೆ 15 ಸಾವಿರ ರೀಚಾರ್ಜ್‌ಗೆ ಹೋಗುವ ಮನೆಗೆ 5,650 ರೂಪಾಯಿಯ ಫೈಬರ್ ಯಾಕೆ ಆಗುವುದಿಲ್ಲ? ಮೊದಲ ಕಾರಣ ಮುಂಗಡ. ಇನ್‌ಸ್ಟಲೇಶನ್ ಚಾರ್ಜ್ ಬೇಡವೆಂದರೆ ಹಲವು ಕಡೆ 6 ಅಥವಾ 12 ತಿಂಗಳ ಹಣ ಒಟ್ಟಿಗೆ ಕಟ್ಟಬೇಕು. 399ರ ಪ್ಲಾನ್‌ಗೆ 6 ತಿಂಗಳಿಗೆ 2,825 ರೂಪಾಯಿ. ದಿನಗೂಲಿಯ ಮನೆಯಲ್ಲಿ 299 ಹೇಗೋ ಹೊಂದಿಸಬಹುದು, 2,825 ಒಮ್ಮೆಗೇ ಹೊಂದಿಸುವುದು ಕಷ್ಟ. ಎರಡನೆಯದು, ಒಳರಸ್ತೆಯ ಒಂದೆರಡು ಮನೆಗಾಗಿ ಕೇಬಲ್ ಎಳೆಯಲು ಕಂಪೆನಿಗೆ ಮನಸ್ಸಿಲ್ಲ.

ಫೈಬರ್ ಹಾಕಿಸಿದ ಮೇಲೆ ಎಲ್ಲ ಮೊಬೈಲ್‌ಗೂ ಡೇಟಾ ಪ್ಯಾಕ್ ಬೇಕಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಡೇಟಾ ಇಲ್ಲದೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಎಂದು ನಿಯಮ ಮಾಡಿತು. ಈಗ 84 ದಿನಕ್ಕೆ 450 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಿ ಪಡೆಯಬೇಕು. ಮನೆಯಲ್ಲೇ ಇರುವ ಉಮ್ಮನ ಮತ್ತು ಹೈಸ್ಕೂಲ್ ಮಗನ ಸೆಟ್‌ಗೆ ಈ ಪ್ಯಾಕ್, ಹೊರಗೆ ಹೋಗುವ ಇಬ್ಬರಿಗೆ ಹಳೆಯ 299, ಜೊತೆಗೆ ಫೈಬರ್. ಒಟ್ಟು ವರ್ಷಕ್ಕೆ 17,300 ರೂಪಾಯಿ ಚಿಲ್ಲರೆ. ಮೊದಲಿಗಿಂತ ತಿಂಗಳಿಗೆ ಸುಮಾರು 150 ರೂಪಾಯಿ ಹೆಚ್ಚು. ಅಷ್ಟಕ್ಕೆ 168 ಜಿಬಿಯ ಮನೆ 3,300 ಜಿಬಿಯ ಮನೆಯಾಗುತ್ತದೆ, ಎಣಿಸುವ ಕಷ್ಟ ತಪ್ಪುತ್ತದೆ. ನಾಲ್ಕೂ ಸೆಟ್‌ಗೆ ಕರೆ ಪ್ಯಾಕ್ ಸಾಕೆಂದರೆ ಖರ್ಚು ಮೊದಲಿಗಿಂತ ಕಡಿಮೆಯೇ ಆಗುತ್ತದೆ.

ಗೊತ್ತಿರಬೇಕಾದ ನಿಯಮ

2016ರಲ್ಲೇ ಟ್ರಾಯ್ ಹೇಳಿದ್ದುಂಟು: ಮನೆಯ ಬ್ರಾಡ್‌ಬ್ಯಾಂಡ್ ಕೊಡುವ ಕಂಪೆನಿ ಎಷ್ಟು ಜಿಬಿವರೆಗೆ ಯಾವ ಸ್ಪೀಡ್, ಆಮೇಲೆ ಯಾವ ಸ್ಪೀಡ್ ಎಂದು ಸ್ಪಷ್ಟವಾಗಿ ತಿಳಿಸಬೇಕು. ಮಿತಿಯ 50, 90 ಮತ್ತು 100 ಶೇಕಡಾ ಮುಟ್ಟಿದಾಗ ಗ್ರಾಹಕರಿಗೆ ಸೂಚನೆ ಕಳಿಸಬೇಕು. ಮಿತಿ ಮುಗಿದ ಮೇಲೂ ಸ್ಪೀಡ್ 512 ಕೆಬಿಪಿಎಸ್‌ಗಿಂತ ಕೆಳಗೆ ಹೋಗಬಾರದು. 2023ರ ಜನವರಿಯಿಂದ ಸರಕಾರದ ಪ್ರಕಾರ 2 ಎಂಬಿಪಿಎಸ್‌ಗಿಂತ ಕಡಿಮೆ ಇರುವುದು ಬ್ರಾಡ್‌ಬ್ಯಾಂಡೇ ಅಲ್ಲ. ಆದ್ದರಿಂದ ಹಣ ಕೊಡುವ ಮೊದಲು ಏಜೆಂಟರಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಜಿಬಿ’ ಎಂಬುದೊಂದೇ ಅಲ್ಲ. ‘ಮುಗಿದ ಮೇಲೆ ಎಷ್ಟು ಸ್ಪೀಡ್, ರೂಟರ್ ಡೆಪಾಸಿಟ್ ವಾಪಸ್ ಉಂಟಾ, ಮಳೆಗಾಲದಲ್ಲಿ ಸಿಡಿಲಿಗೆ ರೂಟರ್ ಸುಟ್ಟರೆ ಯಾರ ಖರ್ಚು’ ಎಂದೂ ಕೇಳಿ.

ಅನ್ಯಾಯವಾದರೆ ಮೊದಲು ಕಂಪೆನಿಯ ದೂರು ಕೇಂದ್ರಕ್ಕೆ ಹೇಳಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಸರಿಯಾಗದಿದ್ದರೆ ಕಂಪೆನಿಯೊಳಗಿನ ಮೇಲ್ಮನವಿ ಪ್ರಾಧಿಕಾರವುಂಟು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಉಂಟು. ಟೆಲಿಕಾಂ ದೂರನ್ನು ಗ್ರಾಹಕ ನ್ಯಾಯಾಲಯಕ್ಕೆ ಒಯ್ಯಬಹುದು ಎಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಳತೆಯಲ್ಲಿ, ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಉಂಟು, ಅಲ್ ಮುತಫ್ಫಿಫೀನ್. ಮೀನಿನ ತಕ್ಕಡಿಗೆ ಅನ್ವಯಿಸುವುದು ಜಿಬಿಯ ಅಳತೆಗೂ ಅನ್ವಯಿಸಬೇಕು.

ಇನ್ನು ಸರಕಾರದ ಪಾಲು. ತಲಪಾಡಿ ಗಡಿ ದಾಟಿದರೆ ನಮ್ಮದೇ ಭಾಷೆ ಮಾತಾಡುವ ಮಂಜೇಶ್ವರದ ಜನರಿಗೆ ಕೇರಳ ಸರಕಾರದ ಕೆ-ಫೋನ್ ಯೋಜನೆ ಉಂಟು. 2023ರ ಜೂನ್ 5ರಂದು ಉದ್ಘಾಟನೆಯಾದ ಆ ಯೋಜನೆ 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿ ಇಟ್ಟಿತು, ಉಳಿದವರಿಗೆ 299 ರೂಪಾಯಿಯಿಂದ ಪ್ಲಾನ್ ಪ್ರಕಟಿಸಿತು. ಮೊದಲ ಹಂತಕ್ಕೆ ಇಟ್ಟದ್ದು 14,000 ಕುಟುಂಬ ಮಾತ್ರ, ಗುರಿ ದೂರವೇ. ಆದರೂ ಬಡವರ ಮನೆಗೆ ಇಂಟರ್‌ನೆಟ್ ಮುಟ್ಟಿಸುವುದು ತನ್ನ ಕೆಲಸ ಎಂದು ಒಂದು ಸರಕಾರ ಒಪ್ಪಿಕೊಂಡಿತು. ನಮ್ಮ ಕಡೆ ಕೇಂದ್ರದ ಭಾರತ್‌ನೆಟ್ ಯೋಜನೆಯ ಫೈಬರ್ ಹಾಕುವುದು ಗ್ರಾಮ ಪಂಚಾಯತ್‌ಗಳವರೆಗೆ. ಅದು ಪಂಚಾಯತ್ ಕಚೇರಿಯಲ್ಲಿ ಓಡುತ್ತದಾ, ಅಲ್ಲಿಂದ ಮನೆಗಳಿಗೆ ಕೊಡುತ್ತಾರಾ, ಅರಿವು ಕೇಂದ್ರದಲ್ಲಿ ಮಕ್ಕಳಿಗೆ ನೆಟ್ ಸಿಗುತ್ತದಾ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕಾದವರು ನಾವೇ.

ಸರಕಾರಕ್ಕೆ ಕಾಯದೆ ಮಾಡಬಹುದಾದ ಕೆಲಸವೂ ಉಂಟು. ಜಮಾಅತ್ ಕಮಿಟಿಗಳು, ಯುವಕರ ಸಂಘಗಳು, ಗಲ್ಫ್‌ನ ಊರ ಸಮಿತಿಗಳು ವರ್ಷವೂ ಮಕ್ಕಳಿಗೆ ಪುಸ್ತಕ, ಸ್ಕಾಲರ್‌ಶಿಪ್ ಕೊಡುತ್ತವೆ. ಅದರ ಜೊತೆಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಬಡ ಮನೆಗೆ ಫೈಬರ್‌ನ ಮುಂಗಡವನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಡಬಹುದು. ಆರು ತಿಂಗಳಲ್ಲಿ ತಿಂಗಳಿಗೆ 471ರಂತೆ ವಾಪಸ್ ಬಂದು ಅದೇ ಹಣ ಇನ್ನೊಂದು ಮನೆಗೆ ಹೋಗುತ್ತದೆ. ಒಂದು ಒಳರಸ್ತೆಯ ಹತ್ತು ಮನೆಯವರು ಒಟ್ಟಾಗಿ ಹೆಸರು ಕೊಟ್ಟರೆ ಕೇಬಲಿನವರು ಬಾರದೆ ಇರುವುದಿಲ್ಲ. ಕನೆಕ್ಷನ್ ಮಾತ್ರ ಪ್ರತಿ ಮನೆಗೂ ಅವರವರ ಹೆಸರಲ್ಲೇ ಇರಲಿ. ನಿಮ್ಮ ವೈಫೈಯಲ್ಲಿ ಇನ್ನೊಬ್ಬರು ಮಾಡಿದ ತಪ್ಪಿಗೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರನ್ನು.

ಮುಂದಿನ ಜಮಾಅತ್ ಮೀಟಿಂಗ್‌ನಲ್ಲಿ ಇದನ್ನೊಂದು ವಿಷಯವಾಗಿ ಇಡಿ. ಒಂದು ಮನೆಗೆ 2,825 ರೂಪಾಯಿ, ಹತ್ತು ಮನೆಗೆ 28,250. ಪರೀಕ್ಷೆಗೆ ಓದುವ ಒಬ್ಬ ಹುಡುಗಿ ರಾತ್ರಿ ಹನ್ನೆರಡು ಗಂಟೆಗೆ ಕಾಯದೆ ಪಾಠ ಮುಗಿಸಲು ಇಷ್ಟು ಸಾಕು.